61.2 ಕೆಜಿ ಮತ್ತು ಅಮ್ಮನ ತಟ್ಟೆ

"ನನ್ನ ತಮ್ಮ ಮನೇಲಿ ಊಟ ಬಿಟ್ಟಿದ್ದಾನೆ ಮೇಡಂ. ಮಾತಾಡಿಸಿದರೆ ರೇಗ್ತಾನೆ. ಮೊನ್ನೆ ಅಮ್ಮ ಬಡಿಸಿದ ತಟ್ಟೇನ ತಳ್ಳಿಬಿಟ್ಟ." ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ. ಆತ ಬಾಕ್ಸರ್ ಅಂತ ಗೊತ್ತಾಗಿದ್ದು ಅವರು ಬೆಂಗಳೂರಿನ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಬಂದ ದಿನ. ಬಲಗೈ ಗೆಣ್ಣುಗಳು ದಪ್ಪಗಾಗಿದ್ದವು. ಎಡ ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗುರುತಿತ್ತು.

ಮನೆಯವರೆಲ್ಲರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅಕ್ಕ ಅವನನ್ನು ಪುಟ್ಟ ಅಂತ ಕರೆಯುತ್ತಿದ್ದರು. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಪುಟ್ಟನಿಗೆ 28 ವರ್ಷ. ಹೈಸ್ಕೂಲಿನಿಂದ ಬಾಕ್ಸಿಂಗ್. ಅಮೆಚೂರ್‌ನಲ್ಲಿ 60 ಕೆಜಿ ವಿಭಾಗದಲ್ಲಿ ಆಡಿ, ಆಮೇಲೆ ದುಡ್ಡಿಗೆ ಆಡುವ ಪ್ರೊ ಬಾಕ್ಸರ್ ಆದ. 13 ಪಂದ್ಯಗಳು. 7 ಗೆಲುವು, 5 ಸೋಲು, 1 ಡ್ರಾ. ಕೊನೆಯ ಮೂರೂ ಸೋಲು. ಅದರಲ್ಲಿ ಎರಡು ನಾಕೌಟ್. ಹೊಟ್ಟೆಪಾಡಿಗೆ ಒಂದು ಜಿಮ್‌ನಲ್ಲಿ ಟ್ರೈನರ್ ಕೆಲಸ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಅಕ್ಕ ಹೇಳಿದ್ದನ್ನೇ ಹಿಡಿದುಕೊಂಡು ಇದು ಕೋಪದ ಸಮಸ್ಯೆ ಅಂದುಕೊಂಡೆ. ಕೋಪ ಯಾವಾಗ ಬರುತ್ತೆ, ಬಂದಾಗ ಮೈಯಲ್ಲಿ ಏನಾಗುತ್ತೆ, ಇದೇ ಪ್ರಶ್ನೆಗಳಲ್ಲಿ ಒಂದು ಗಂಟೆ ಹೋಯಿತು. ತಲೆಗೆ ಬಿದ್ದ ಏಟಿನ ಬಗ್ಗೆ ಕೇಳಲೇ ಇಲ್ಲ. ಬಾಕ್ಸರ್ ಒಬ್ಬ ಎದುರಿಗೆ ಕೂತಿರುವಾಗ ಮೊದಲು ಕೇಳಬೇಕಾದ್ದು ಅದು. ಎರಡನೇ ಭೇಟಿಯಲ್ಲಿ ಕೇಳಿದೆ. ಕೊನೆಯ ನಾಕೌಟ್ ಆಗಿ ಐದು ವಾರ. ಆಗಿನಿಂದ ಸಂಜೆ ಹೊತ್ತು ತಲೆನೋವು. ಟ್ಯೂಬ್‌ಲೈಟ್ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಜಿಮ್‌ಗೆ ದಿನಾ ಬರುವವರ ಹೆಸರು ಮರೆತುಹೋಗುತ್ತದೆ. ರಾತ್ರಿ ನಿದ್ದೆ ಇಲ್ಲ. "ಇದೆಲ್ಲ ಡಾಕ್ಟರಿಗೆ ಹೇಳಿದ್ರಾ?" ಅಂದೆ. "ಹೇಳಿದ್ರೆ ಆಡಕ್ಕೆ ಬಿಡಲ್ವಲ್ಲ ಮೇಡಂ" ಅಂದ.

ಅವತ್ತೇ ಮಾತುಕತೆ ನಿಲ್ಲಿಸಿ ನಿಮ್ಹಾನ್ಸ್‌ಗೆ ಹೋಗಲು ಹೇಳಿದೆ. ಸ್ಕ್ಯಾನ್ ಆಗಿ, ನರರೋಗ ತಜ್ಞರು ನೋಡುವ ತನಕ ಬೇರೆ ಯಾವ ತೀರ್ಮಾನವೂ ಬೇಡ ಅಂದೆ. ಅಕ್ಕನನ್ನು ಒಳಗೆ ಕರೆದು ಕೆಲವು ಲಕ್ಷಣ ಹೇಳಿಕೊಟ್ಟೆ. ತಲೆನೋವು ಜಾಸ್ತಿ ಆಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆ. ಸಾಯಬೇಕು ಅಂತ ಅನ್ನಿಸಿದ್ದುಂಟಾ ಅಂತಲೂ ಪುಟ್ಟನನ್ನು ನೇರವಾಗಿ ಕೇಳಿದೆ. ಇಲ್ಲ ಅಂದ. ಸುಮ್ನೆ ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತೆ ಅಂದ. ಟೆಲಿ ಮಾನಸ್‌ನ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ.

ಆ ಭೇಟಿಯ ಕೊನೆಗೆ ಹೊರಟು ನಿಂತವನು ಬಾಗಿಲ ಹತ್ತಿರ ಹೇಳಿದ: "ಬ್ಯಾಂಕಾಕ್‌ನಲ್ಲಿ ಫೈಟ್ ಬಂದಿದೆ. ಹನ್ನೆರಡು ದಿನ ಇದೆ. ಅದಕ್ಕೇ ಊಟ ಬಿಟ್ಟಿದ್ದು."

ಇಲ್ಲಿಂದ ನನಗೆ ಅವನೇ ಪಾಠ ಹೇಳಿದ. ಪ್ರೊ ಬಾಕ್ಸಿಂಗ್‌ನಲ್ಲಿ ಲೈಟ್‌ವೇಟ್ ಅಂದರೆ 135 ಪೌಂಡ್, ಅಂದರೆ 61.2 ಕೆಜಿ. ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಆ ಒಂದು ಕ್ಷಣ ಮುಳ್ಳು ಅಲ್ಲಿ ನಿಂತರೆ ಸಾಕು. ಆಮೇಲೆ ತಿಂದು ಕುಡಿದು ಎಷ್ಟು ಏರಿದರೂ ಸಾಮಾನ್ಯವಾಗಿ ಕೇಳುವವರಿಲ್ಲ. ಅದಕ್ಕೇ ಎಲ್ಲರೂ ತಮಗಿಂತ ಕೆಳಗಿನ ವಿಭಾಗಕ್ಕೆ ಇಳಿಯಲು ನೋಡುತ್ತಾರೆ. ಮೊದಲು ಉಪ್ಪು ಬಿಡುವುದು. ಆಮೇಲೆ ಅನ್ನ, ಮುದ್ದೆ ಬಿಡುವುದು. ಕೆಲವು ದಿನ ಬಿಂದಿಗೆಗಟ್ಟಲೆ ನೀರು ಕುಡಿದು, ಕೊನೆಗೆ ನೀರನ್ನೂ ನಿಲ್ಲಿಸುವುದು. ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಸ್ಕಿಪ್ಪಿಂಗ್. ಕೊನೆಯ ರಾತ್ರಿ ಬಾಟಲಿ ಹಿಡಿದು ಉಗುಳುತ್ತಾ ಕೂರುವುದು. ಪುಟ್ಟನ ತೂಕ ಅವತ್ತು 70 ಕೆಜಿ ಇತ್ತು. ಹನ್ನೆರಡು ದಿನದಲ್ಲಿ ಸುಮಾರು ಒಂಬತ್ತು ಕೆಜಿ ಇಳಿಯಬೇಕಿತ್ತು.

ಇಳಿಯುವುದು ಬಹುಪಾಲು ಕೊಬ್ಬಲ್ಲ, ಮೈಯ ನೀರು. ಒಂದು ದಿನದಲ್ಲಿ ನೀರು ಕುಡಿದು ತೂಕ ವಾಪಸ್ ಬಂದರೂ ಮೈ ಪೂರ್ತಿ ಸುಧಾರಿಸಿಕೊಂಡಿರುವುದಿಲ್ಲ. ಅಂಥ ಸ್ಥಿತಿಯಲ್ಲಿ ತಲೆಗೆ ಏಟು ತಿನ್ನುವುದು ಇನ್ನೂ ಅಪಾಯ ಎಂಬುದು ವೈದ್ಯರ ಆತಂಕ. ಅಕ್ಕ ಇದನ್ನೆಲ್ಲ ಆಗಲೇ ಹುಡುಕಿ ಓದಿದ್ದರು. "ಕೊರಿಯಾದ ಹುಡುಗ ಒಬ್ಬ ಸತ್ತುಹೋದನಂತೆ, ನಿಜವಾ?" ಅಂತ ಕೇಳಿದರು. ನಿಜ ಅಂದೆ. ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ, 1982ರ ನವೆಂಬರ್ 13, ಲಾಸ್ ವೇಗಸ್. ರೇ ಮ್ಯಾನ್ಸಿನಿ ಜೊತೆ ಲೈಟ್‌ವೇಟ್ ವಿಶ್ವ ಪಟ್ಟದ ಪಂದ್ಯ. ತೂಕ ಇಳಿಸಲು ಬಹಳ ಒದ್ದಾಡಿದ್ದ. 14ನೇ ಸುತ್ತಿನಲ್ಲಿ ಬಿದ್ದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಪಟ್ಟದ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದದ್ದು ಅದಾದ ಮೇಲೆಯೇ. ಪುಟ್ಟ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಹೆದರಿಸಲು ಹೇಳಿದ್ದಲ್ಲ. ಅಕ್ಕ ಕೇಳಿದ ಪ್ರಶ್ನೆಗೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

ಆ ಬ್ಯಾಂಕಾಕ್ ಪಂದ್ಯದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿದೆ. ಆರು ಸುತ್ತು, 60,000 ರೂಪಾಯಿ. ಮ್ಯಾನೇಜರ್‌ಗೆ ಮೂರರಲ್ಲಿ ಒಂದು ಪಾಲು, 20,000. ಕೋಚ್‌ಗೆ ನೂರಕ್ಕೆ ಹತ್ತು, 6,000. ಉಳಿದದ್ದು 34,000. ಪಂದ್ಯದ ತಯಾರಿ ಮತ್ತು ಆಮೇಲಿನ ವಿಶ್ರಾಂತಿ ಸೇರಿ ಜಿಮ್‌ಗೆ ಒಂದು ತಿಂಗಳು ರಜೆ, ಸಂಬಳ 28,000 ಖೋತಾ. ಕೈಗೆ ಸಿಗುವುದು 6,000. ಅದರಲ್ಲೇ ರಕ್ತಪರೀಕ್ಷೆ, ಓಡಾಟ. ಪುಟ್ಟ ಪೆನ್ನು ಹಿಡಿದುಕೊಂಡು ಆ ಕೊನೆಯ ಸಾಲನ್ನೇ ತುಂಬಾ ಹೊತ್ತು ನೋಡುತ್ತಿದ್ದ.

ಇನ್ನೊಂದು ಮಾತು ಹೇಳುವುದು ಕಷ್ಟವಾಗಿತ್ತು. ಆದರೂ ಹೇಳಿದೆ. "ಹನ್ನೆರಡೇ ದಿನ ಇರುವಾಗ ನಿಮ್ಮನ್ನೇ ಯಾಕೆ ಕರೆದರು?" ಅವನಿಗೆ ಉತ್ತರ ಗೊತ್ತಿತ್ತು. ಅಲ್ಲಿನ ಹುಡುಗನೊಬ್ಬನ ದಾಖಲೆಗೆ ಒಂದು ಗೆಲುವು ಬೇಕು. ಈಚೆಗೆ ಸೋತಿರುವ, ಬೇಗ ಸಿಗುವ, ಬೇಡ ಅನ್ನದ ಎದುರಾಳಿ ಬೇಕು. "ನಾನು ಈಗ ಸೋಲಕ್ಕೆ ಹೋಗೋನು, ಅಲ್ವಾ ಮೇಡಂ?" ಅಂದ. ಹತ್ತು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಓಡಿದವನ ಬಾಯಲ್ಲಿ ಆ ಮಾತು ಕೇಳಿ ನನಗೂ ಸಂಕಟವಾಯಿತು. ಬಾಕ್ಸಿಂಗ್ ಬಿಡಿ ಅಂತ ನಾನು ಹೇಳಲಿಲ್ಲ. ಆ ಮಾತು ನನ್ನದಾಗಬಾರದು.

ನಾನು ಕೊಟ್ಟ ಸಲಹೆ ಇದು. ಈ ಪಂದ್ಯಕ್ಕೆ ಬರಲ್ಲ ಅಂತ ಇವತ್ತೇ ತಿಳಿಸಿ, ತಲೆಗೆ ಏಟು ಬಿದ್ದ ಕಾರಣವನ್ನು ಮುಚ್ಚಿಡದೆ ಹೇಳಿ. ಡಾಕ್ಟರು ಸರಿ ಅನ್ನುವ ತನಕ ಸ್ಪಾರಿಂಗ್, ಅಂದರೆ ಜೊತೆಗಾರರೊಡನೆ ಅಭ್ಯಾಸದ ಆಟ ಕೂಡ ಬೇಡ, ಮೆಲ್ಲಗೆ ಆಡ್ತೀವಿ ಅಂದರೂ ಬೇಡ. ಮುಂದೆ ಯಾರೇ ಫೋನ್ ಮಾಡಿ ಪಂದ್ಯ ಇದೆ ಅಂದರೂ ಆ ಕರೆಯಲ್ಲೇ ಹೂಂ ಅನ್ನಬೇಡಿ. "ಅಕ್ಕನ್ನ ಕೇಳಿ ನಾಳೆ ಹೇಳ್ತೀನಿ" ಅನ್ನಿ. ಈ ವಾಕ್ಯವನ್ನು ನನ್ನ ಎದುರಿಗೇ ನಾಲ್ಕೈದು ಸಲ ಹೇಳಿಸಿದೆ. ಎದುರಾಳಿ ಯಾರು, ಎಷ್ಟು ಸುತ್ತು, ರಿಂಗ್ ಪಕ್ಕ ಡಾಕ್ಟರ್ ಮತ್ತು ಆಂಬ್ಯುಲೆನ್ಸ್ ಇರ್ತಾರಾ, ಏಟಾದರೆ ಆಸ್ಪತ್ರೆ ಖರ್ಚು ಯಾರದು, ಇವೆಲ್ಲ ಬರಹದಲ್ಲಿ ಬರಬೇಕು. ಬರದಿದ್ದರೆ ಅದು ಪಂದ್ಯವೇ ಅಲ್ಲ ಅಂದುಕೊಳ್ಳಿ.

ತೂಕದ ವಿಷಯಕ್ಕೆ ಬಂದಾಗ ಮಾತ್ರ ಪುಟ್ಟ ಗಟ್ಟಿಯಾಗಿ ನಿಂತ. "ನಾನು ಲೈಟ್‌ವೇಟ್ ಮೇಡಂ. ಮೇಲಕ್ಕೆ ಹೋದರೆ ಸೋತ ಹಾಗೆ." ಅವನ ಕೋಣೆಯ ಗೋಡೆಯ ಮೇಲೆ ರಾಬರ್ಟೊ ಡುರಾನ್ ಚಿತ್ರ ಇದೆ ಅಂತ ಹಿಂದೊಮ್ಮೆ ಹೇಳಿದ್ದ. ಆ ರಾತ್ರಿ ಕೂತು ಓದಿದೆ. ಪನಾಮದ ಡುರಾನ್ 1972ರಲ್ಲಿ ಕೆನ್ ಬುಕಾನನ್‌ನನ್ನು ಸೋಲಿಸಿ ಲೈಟ್‌ವೇಟ್ ಪಟ್ಟ ಗೆದ್ದ. ಆ ವಿಭಾಗದ ಅತಿ ಶ್ರೇಷ್ಠರಲ್ಲಿ ಒಬ್ಬ ಅನ್ನಿಸಿಕೊಂಡವನು. ಅಂಥವನೇ 1979ರಲ್ಲಿ ಲೈಟ್‌ವೇಟ್ ಬಿಟ್ಟು ಮೇಲಕ್ಕೆ ಹೋದ. 1980ರ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಲೈಟ್‌ವೇಟ್‌ಗಿಂತ ಮೇಲಿನ ವೆಲ್ಟರ್‌ವೇಟ್ ವಿಭಾಗದಲ್ಲಿ ಆಗಿನ ಚಾಂಪಿಯನ್ ಶುಗರ್ ರೇ ಲೆನರ್ಡ್‌ನನ್ನೇ ಸೋಲಿಸಿದ.

ಮುಂದಿನ ಭೇಟಿಯಲ್ಲಿ ಇದನ್ನು ಹೇಳಿದೆ. ಪುಟ್ಟ ತಕ್ಷಣ ಅಂದ: "ಅದೇ ವರ್ಷ ನವೆಂಬರ್‌ನಲ್ಲಿ ಲೆನರ್ಡ್ ಮುಂದೆ ಎಂಟನೇ ಸುತ್ತಿನಲ್ಲಿ ಸಾಕು ಅಂತ ಕೈ ಬೀಸಿ ನಡೆದುಬಿಟ್ಟ. ಅದೂ ಗೊತ್ತಾ?" ಗೊತ್ತಿತ್ತು. ಯಾಕೆ ಹಾಗಾಯ್ತು ಅಂತ ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಗೆದ್ದ ಮೇಲೆ ಸಿಕ್ಕಾಪಟ್ಟೆ ದಪ್ಪ ಆಗಿದ್ದ. ಅರ್ಜೆಂಟಲ್ಲಿ ತೂಕ ಇಳಿಸಿದ." ಹೇಳಿದ ಮೇಲೆ ತಾನೇ ನಕ್ಕ. ನಮ್ಮ ಭೇಟಿಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು. ಅದೇ ಡುರಾನ್ 1983ರಲ್ಲಿ ಇನ್ನೂ ಮೇಲಿನ ವಿಭಾಗದಲ್ಲಿ ಪಟ್ಟ ಗೆದ್ದದ್ದನ್ನೂ ಅವನೇ ನೆನಪಿಸಿದ.

ಹಾಗಾಗಿ ತೂಕಕ್ಕೆ ಒಂದೇ ಕೆಲಸ ಕೊಟ್ಟೆ. ಮೂರು ತಿಂಗಳು ಮೂರು ಹೊತ್ತು ಮನೆ ಊಟ, ಡಾಕ್ಟರು ಒಪ್ಪಿದಷ್ಟು ನಡಿಗೆ, ನಿದ್ದೆ. ತಕ್ಕಡಿ ಅಕ್ಕನ ಮನೆಯಲ್ಲಿರಲಿ, ಹದಿನೈದು ದಿನಕ್ಕೊಮ್ಮೆ ನೋಡಿ. ಮೈ ಎಲ್ಲಿ ನಿಲ್ಲುತ್ತೋ ಅದನ್ನು ಕ್ರೀಡಾ ಆಹಾರ ತಜ್ಞರಿಗೆ ತೋರಿಸಿ, ಯಾವ ವಿಭಾಗ ಅಂತ ಆಮೇಲೆ ಮಾತಾಡಿ. 21ನೇ ವಯಸ್ಸಿನ ಮೈಗೆ ಹೊಂದಿದ ನಂಬರನ್ನು 28ರ ಮೈ ಮೇಲೆ ಹೇರಬೇಡಿ.

ಅಮ್ಮ ಬಂದದ್ದು ನಾಲ್ಕನೇ ಭೇಟಿಗೆ. ಅವರಿಗೆ ಈ ತೂಕದ ಕಥೆ ಯಾರೂ ಹೇಳಿರಲಿಲ್ಲ. ಅಮ್ಮ ಹೆದರುತ್ತಾರೆ ಅಂತ ಏಳು ವರ್ಷ ಮುಚ್ಚಿಟ್ಟಿದ್ದ. "ನನ್ ಕೈ ಅಡುಗೆ ಸೇರ್ತಿಲ್ಲ ಅನ್ಕೊಂಡಿದ್ದೆ ಕಣೋ" ಅಂದರು. "ಮದುವೆ ಮಾಡ್ಲಿಲ್ಲ ಅಂತ ಕೋಪಾನೋ ಏನೋ ಅಂತ ದೇವರಿಗೆ ಹರಕೆ ಹೊತ್ತಿದ್ದೀನಿ." ಪುಟ್ಟ ಅತ್ತುಬಿಟ್ಟ. ನಾನು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕ್ರೀಡಾಪಟುಗಳ ಮನೆಗಳಲ್ಲಿ ಇದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ಒಬ್ಬರ ತಯಾರಿಯ ಗುಟ್ಟು ಇನ್ನೊಬ್ಬರಿಗೆ ಅವಮಾನವಾಗಿ ಕಾಣುತ್ತದೆ. ಬಡಿಸುವವರಿಗೆ ಕಾರಣ ಗೊತ್ತಿರಬೇಕು.

ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೂ ಆರು ತಿಂಗಳು ತಲೆಗೆ ಏಟು ಬೀಳುವ ಯಾವ ಆಟವೂ ಬೇಡ, ಆಮೇಲೆ ಮತ್ತೆ ನೋಡೋಣ ಅಂದಿದ್ದಾರೆ ಡಾಕ್ಟರು. ತಲೆನೋವು ಕಮ್ಮಿಯಾಗಿದೆ, ಹೆಸರುಗಳು ನೆನಪಾಗುತ್ತಿವೆ. ನಿದ್ದೆ ಇನ್ನೂ ಅಷ್ಟಕ್ಕಷ್ಟೆ. ಮೂರು ತಿಂಗಳ ಕೊನೆಗೆ ತೂಕ 68ರಲ್ಲಿ ನಿಂತಿದೆ. ವೆಲ್ಟರ್‌ವೇಟ್ ಮಿತಿ 147 ಪೌಂಡ್, 66.7 ಕೆಜಿ. ಆ ಲೆಕ್ಕವನ್ನು ಪುಟ್ಟ ನನಗಿಂತ ಮೊದಲೇ ಮಾಡಿಕೊಂಡಿದ್ದ. ರಿಂಗ್‌ಗೆ ಮರಳುವುದೋ, ಬೆಳಗ್ಗೆ ಮಕ್ಕಳಿಗೆ ಹೇಳಿಕೊಡುತ್ತಿರುವ ಕೋಚಿಂಗ್ ಹಿಡಿಯುವುದೋ, ಇನ್ನೂ ತೀರ್ಮಾನಿಸಿಲ್ಲ.

ಹೋದ ವಾರ ಅಮ್ಮ ಅವನ ಜೊತೆ ಮತ್ತೆ ಬಂದಿದ್ದರು. ಇನ್ನು ಆಡ್ತಾನಾ ಅಂತ ನನ್ನನ್ನು ಕೇಳಿದರು. ಡಾಕ್ಟರು ನೋಡಿದ ಮೇಲೆ ನಿಮ್ಮ ಮಗನೇ ನಿಮಗೆ ಹೇಳ್ತಾರೆ ಅಂದೆ. ಅಮ್ಮ ಮಗನ ಕಡೆ ತಿರುಗಿದರು. "ಆಡು, ಬಿಡು, ನಂಗೆ ಮೊದಲೇ ಹೇಳು ಮಗಾ. ಮುದ್ದೆಗೆ ಎಷ್ಟು ಹಿಟ್ಟು ಹಾಕ್ಬೇಕು ಅಂತ ನಂಗೊತ್ತಾಗ್ಬೇಕಲ್ಲ."