ಪೀಕ್ ಬಂತು ಸರಿ, ಆ ಆಕ್ಸಿಜನ್ ಎಲ್ಲಿಯದು?

ಪ್ರಶ್ನೆ: ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ತಾಮ್ರದ ಹಾಳೆಯನ್ನು ಉಜ್ಜಿ, ಅಸಿಟೋನ್‌ನಲ್ಲಿ ತೊಳೆದು, ಅರ್ಧ ಗಂಟೆ ಆಕ್ಸಿಜನ್ ಹಾಯಿಸಿದೆ. ಆಮೇಲೆ ಬೆಂಗಳೂರಿಗೆ ಕೊರಿಯರ್ ಮಾಡಿ ಎಕ್ಸ್‌ಪಿಎಸ್ (ಎಕ್ಸ್-ರೇ ಬಿಟ್ಟು, ಮೇಲ್ಮೈಯ ಪರಮಾಣುಗಳ ಒಳಕವಚದಿಂದ ಹೊರಬೀಳುವ ಇಲೆಕ್ಟ್ರಾನ್ ಅಳೆದು ಯಾವ ಧಾತು ಇದೆ ಎಂದು ತಿಳಿಯುವ ಪರೀಕ್ಷೆ) ಮಾಡಿಸಿದೆ. ಆಕ್ಸಿಜನ್ನಿನ ಗುರುತಾದ ಒ 1ಎಸ್ ಪೀಕ್ ಚೆನ್ನಾಗಿ ಬಂದಿದೆ. ಆಕ್ಸಿಜನ್ ಅಂಟಿದೆ ಎಂದು ಬರೆಯಬಹುದೇ?

ಉತ್ತರ: ಬರೆಯಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಆ ಹಾಳೆಗೆ ನೀವು ಆಕ್ಸಿಜನ್ ಹಾಯಿಸದೇ ಇದ್ದರೂ ಪೀಕ್ ಬರುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು ನಾಲ್ಕು ದಿನಕ್ಕೆ ಮಂಕಾಗುವುದನ್ನು ಮನೆಯಲ್ಲಿ ನೋಡಿದ್ದೀರಿ, ಅಲ್ವಾ? ಕಣ್ಣಿಗೆ ಮಂಕು ಕಾಣುವುದಕ್ಕೆ ಎಷ್ಟೋ ಮೊದಲೇ ಮೇಲ್ಪದರ ಆಕ್ಸೈಡ್ ಆಗಿಹೋಗಿರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 760 ಟಾರ್. ಒತ್ತಡ ಒಂದು ಟಾರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿದ್ದರೂ, ಬಡಿದ ಅಣುವೆಲ್ಲ ಅಂಟಿದರೆ, ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಇಡೀ ಮೇಲ್ಮೈ ಮುಚ್ಚಿಹೋಗುತ್ತದೆ. ಒತ್ತಡವನ್ನು ಇನ್ನೂ ಹತ್ತು ಸಾವಿರ ಪಟ್ಟು ಇಳಿಸಿದರೆ ಸುಮಾರು ಎರಡೂಮುಕ್ಕಾಲು ಗಂಟೆ ಸಿಗುತ್ತದೆ. ಅಲ್ಟ್ರಾ ಹೈ ವ್ಯಾಕ್ಯೂಮ್‌ಗೆ, ಅಂದರೆ ಇಂಥ ಅತಿ ನಿರ್ವಾತಕ್ಕೆ, ಅಷ್ಟು ಖರ್ಚು ಮಾಡುವುದು ಈ ಸಮಯಕ್ಕಾಗಿ. ನಿಮ್ಮ ಹಾಳೆ ಕೊರಿಯರ್ ಕವರಿನಲ್ಲಿ ಗಾಳಿಯ ಜೊತೆಗೇ ಪ್ರಯಾಣ ಮಾಡಿದೆ.

ಉಜ್ಜುವುದು, ತೊಳೆಯುವುದು ಬರೀ ಎಣ್ಣೆ ಜಿಡ್ಡಿಗೆ. ನಿಜವಾದ ಶುದ್ಧಿ ಅಳೆಯುವ ಯಂತ್ರದ ವ್ಯಾಕ್ಯೂಮ್ ಚೇಂಬರಿನ ಒಳಗೇ ಆಗಬೇಕು. ಆರ್ಗಾನ್ ಅಯಾನುಗಳಿಂದ ಮೇಲ್ಪದರ ಕೆತ್ತಿ, ಕಾಯಿಸಿ, ಸಿ 1ಎಸ್ (ಕಾರ್ಬನ್ನಿನ ಪೀಕ್) ಮತ್ತು ಒ 1ಎಸ್ ಎರಡೂ ಹೋಗಿವೆಯೇ ನೋಡಿ. ಹೋಗದಿದ್ದರೆ ಮತ್ತೆ ಕೆತ್ತಿ. ಆ ಖಾಲಿ ಸ್ಪೆಕ್ಟ್ರಮ್ ಕೈಯಲ್ಲಿದ್ದ ಮೇಲೆ, ಗಾಳಿಗೆ ತೆಗೆಯದೆ, ಅಲ್ಲೇ ಅಳತೆ ಮಾಡಿ ಆಕ್ಸಿಜನ್ ಬಿಡಿ. ಬಿಡುತ್ತಾ ಹೋದ ಹಾಗೆ ಪೀಕ್ ಬೆಳೆಯಬೇಕು. ಬೆಳೆದರೆ ಆಗ ಬರೆಯಿರಿ.

ತಾಮ್ರದಲ್ಲಿ ಇನ್ನೊಂದು ಗುಂಡಿ ಇದೆ. ಶುದ್ಧ ತಾಮ್ರ ಮತ್ತು ಕ್ಯುಪ್ರಸ್ ಆಕ್ಸೈಡ್ (ತಾಮ್ರದ ಒಂದು ಆಕ್ಸೈಡ್, Cu₂O), ಎರಡರಲ್ಲಿನ ತಾಮ್ರದ 2ಪಿ ಪೀಕೂ 932.5 ಇಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲೇ ಕೂರುತ್ತವೆ. ಅದನ್ನೊಂದೇ ನೋಡಿ ‘ಆಕ್ಸೈಡ್ ಇಲ್ಲ’ ಎಂದು ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಜೆ (Auger) ಪೀಕ್ ನೋಡಿ, ಒಳಕವಚದ ಖಾಲಿ ಜಾಗ ತುಂಬುವಾಗ ಸಿಡಿಯುವ ಇನ್ನೊಂದು ಇಲೆಕ್ಟ್ರಾನಿನ ಪೀಕ್ ಅದು. ಲೋಹದಲ್ಲಿ ಅದರ ಚಲನಶಕ್ತಿ 918.6ರ ಹತ್ತಿರ, ಕ್ಯುಪ್ರಸ್ ಆಕ್ಸೈಡಿನಲ್ಲಿ 917ರ ಹತ್ತಿರ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇನ್ನು ಒ 1ಎಸ್ ಕೆಳಗೆ ಸಾಫ್ಟ್‌ವೇರಿನಲ್ಲಿ ಐದು ಪೀಕ್ ಕೂರಿಸಿ ಐದಕ್ಕೂ ಹೆಸರಿಡುವ ಚಾಳಿ ಬಿಡಿ. ಕಾರ್ಬನೇಟ್, ಹೈಡ್ರಾಕ್ಸೈಡ್ ಎರಡೂ 531ರ ಸುತ್ತಮುತ್ತ ಬರುತ್ತವೆ. ಕಾರ್ಬನೇಟ್ ಎನ್ನುವುದಾದರೆ ಸಿ 1ಎಸ್‌ನಲ್ಲೂ ಅದು ಕಾಣಬೇಕು.

ಪ್ರಶ್ನೆ: ಅಂಟಿದ ಹೈಡ್ರೋಜನ್ ಎಕ್ಸ್‌ಪಿಎಸ್‌ನಲ್ಲಿ ಎಲ್ಲಿ ಕಾಣುತ್ತದೆ?

ಉತ್ತರ: ಕಾಣುವುದಿಲ್ಲ. ಅದಕ್ಕೆ ಒಳಕವಚವೇ ಇಲ್ಲ.

ಪ್ರಶ್ನೆ: ತಾಮ್ರದ ಬಾಟಲಿ ನೀರಿನಲ್ಲಿ ಆಕ್ಸಿಜನ್ ತುಂಬುತ್ತದೆ ಎಂದು ಮಂಡ್ಯದಲ್ಲಿ ಒಬ್ಬರು ಮಾರುತ್ತಿದ್ದಾರೆ. ‘ಸ್ಪೆಕ್ಟ್ರೋಸ್ಕೋಪಿ ಪರೀಕ್ಷೆ ಆಗಿದೆ’ ಅಂತಾರೆ.

ಉತ್ತರ: ಸುಳ್ಳು. ತಾಮ್ರ ಆಕ್ಸಿಜನ್ ಹಿಡಿದುಕೊಳ್ಳುತ್ತದೆ, ನೀರಿಗೆ ತುಂಬಿಸುವುದಿಲ್ಲ. ದುಡ್ಡು ಕೊಡಬೇಡಿ.

ಪ್ರಶ್ನೆ: ಕಾರ್ಬನ್ ಮಾನಾಕ್ಸೈಡ್ ಹಾಗೇ ತಾಮ್ರಕ್ಕೆ ಅಂಟಿಸಬಹುದೇ?

ಉತ್ತರ: ವ್ಯಾಕ್ಯೂಮ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ ಅದು ನಿಲ್ಲುವುದಿಲ್ಲ. ದ್ರವ ಸಾರಜನಕದಿಂದ ತಣ್ಣಗೆ ಮಾಡಬೇಕು. ನಿಕ್ಕಲ್ ಮೇಲಾದರೆ ನಿಲ್ಲುತ್ತದೆ. ಆದರೆ ಆ ವಿಷಾನಿಲಕ್ಕೆ ವಾಸನೆಯಿಲ್ಲ. ಡಿಟೆಕ್ಟರ್ ಇಲ್ಲದ ಕೋಣೆಯಲ್ಲಿ ಸಿಲಿಂಡರ್ ತೆರೆಯಲೇಬೇಡಿ. ಗೈಡ್ ಅವಸರ ಮಾಡಿದರೂ ಅಷ್ಟೇ.