ಸಕಲೇಶಪುರದ ಘಾಟಿಯನ್ನು ಆರಡಿ ಮೇಜಿನ ಮೇಲೆ ತರಬಹುದಾ?

ನೀವು ಕೇಳಿದ್ದು ಇಷ್ಟು: ಬೆಳೆದದ್ದು ಸಕಲೇಶಪುರದ ಕಡೆ, ಈಗ ಇರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ, ಆರಡಿ ಉದ್ದ ನಾಲ್ಕಡಿ ಅಗಲದ ಜಾಗ ಇದೆ. ಊರಿನ ಘಾಟಿಯನ್ನೇ ಮಾಡೆಲ್ ರೈಲಿನ ಲೇಔಟ್, ಅಂದರೆ ಪುಟಾಣಿ ರೈಲು ಓಡುವ ಮಾದರಿ ದೃಶ್ಯ, ಮಾಡಬಹುದಾ?

ಧಾರಾಳವಾಗಿ ಮಾಡಿ. ಆದರೆ ಇಡೀ ಘಾಟಿಯ ಆಸೆ ಬಿಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ ನಿಲ್ದಾಣದವರೆಗೆ ರೈಲು ದಾರಿ ಸುಮಾರು 55 ಕಿ.ಮೀ. ಎನ್ ಸ್ಕೇಲಿಗೆ, ಅಂದರೆ 160ರಲ್ಲಿ ಒಂದು ಪಾಲಿಗೆ ಇಳಿಸಿದರೂ ಅದು 340 ಮೀಟರ್ ದಾಟುತ್ತದೆ. ನಿಮ್ಮ ಮೇಜಿನ ಉದ್ದಕ್ಕೆ ಹಿಡಿಯುವುದು ನಿಜವಾದ ಘಾಟಿಯ 300 ಮೀಟರಿಗೂ ಕಮ್ಮಿ. ಎರಡು ಸುರಂಗ, ನಡುವೆ ಒಂದು ಸೇತುವೆ, ಅಷ್ಟು ಸಾಕು. ಈ ದಾರಿಯಲ್ಲಿ 57 ಸುರಂಗ ಇರುವುದು ನಮ್ಮಂಥವರ ಪುಣ್ಯ. ಒಂದು ಸುರಂಗಕ್ಕೆ ಹೋದ ರೈಲನ್ನು ಬೆಟ್ಟದ ಹಿಂದೆ ಸುತ್ತಿಸಿ, ಸ್ವಲ್ಪ ಕಾಯಿಸಿ ಇನ್ನೊಂದರಿಂದ ಹೊರಗೆ ಬಿಡಬಹುದು.

ಎಲ್ಲರೂ ಮೊದಲು ಹಳಿಯನ್ನು ಬೆಟ್ಟ ಹತ್ತಿಸಲು ಹೋಗುತ್ತಾರೆ. ಘಾಟಿಯ ಏರು 50ಕ್ಕೆ 1. ಆ ಲೆಕ್ಕದಲ್ಲಿ ಆರಡಿಗೆ ಒಂದೂವರೆ ಇಂಚು ಕೂಡ ಏರುವುದಿಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಹಳಿ ಮಟ್ಟವಾಗಿಯೇ ಇರಲಿ, ನೆಲವನ್ನು ಕೆಳಗೆ ಇಳಿಸಿ. ಹಲಗೆಯ ಮುಂದಿನ ಭಾಗ ಕತ್ತರಿಸಿ ಒಂದಡಿ ಆಳದ ಕಣಿವೆ ಮಾಡಿ. ಕಿಟಕಿಯಿಂದ ಬಗ್ಗಿ ನೋಡಿದರೆ ಎದೆ ಝಲ್ ಅನ್ನುತ್ತಿದ್ದದ್ದು ಏರಿಗಲ್ಲ, ಪಕ್ಕದ ಆ ಆಳಕ್ಕೆ ಅಲ್ವಾ?

ಇನ್ನು ಮರ. ನನ್ನ ಪ್ರಕಾರ ಊರು ಇರುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಮಾಡೆಲ್ ಮರ ಜಾಸ್ತಿ ಯುರೋಪಿನದು, ದುಂಡಗೆ ಇರುತ್ತದೆ. ನಮಗೆ ಬೇಕಾದದ್ದು ಸಿಲ್ವರ್ ಓಕ್. ನೂರಡಿ ಮರ ಎನ್ ಸ್ಕೇಲಿನಲ್ಲಿ ಏಳೂವರೆ ಇಂಚು, ಅದರ ಕೆಳಗಿನ ಐದಡಿಯ ಕಾಫಿ ಗಿಡ ಒಂದು ಸೆಂಟಿಮೀಟರ್. ಈ ಅಂತರ ಸರಿಯಾಗಿ ಬಂದರೆ ಮಲೆನಾಡಿನವರು ನೋಡಿದ ಕೂಡಲೇ "ಇದು ತೋಟ" ಅನ್ನುತ್ತಾರೆ. ಮರಗಸಿ ಆದ, ಅಂದರೆ ನೆರಳಿಗಿರುವ ಕೊಂಬೆ ಸವರಿದ ಮರದ ಹಾಗೆ ಕಾಂಡ ಬೋಳಾಗಿರಲಿ, ತುದಿಯಲ್ಲಷ್ಟೇ ಎಲೆ. ಕೆಳಗಿನ ಅರ್ಧಕ್ಕೆ ಮೆಣಸಿನ ಬಳ್ಳಿಯ ಕಡು ಹಸಿರು. ಕಾಫಿ ಗಿಡಕ್ಕೆ ಪಾತ್ರೆ ತೊಳೆಯುವ ಸ್ಪಂಜು ಚೂರು ಮಾಡಿ ಬಣ್ಣ ಹಾಕಿದರೆ ಆಯ್ತು.

ಯಾವ ತಿಂಗಳು ಅಂತಲೂ ಮೊದಲೇ ನಿರ್ಧರಿಸಿ. ಜುಲೈ ಆದರೆ ಬಂಡೆಗಳೆಲ್ಲ ಒದ್ದೆ ಕಪ್ಪು, ಎಲ್ಲೆಲ್ಲೂ ನೀರು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ವಾರವಾದರೆ ತೋಟವೆಲ್ಲ ಬಿಳಿ, ಗುಡ್ಡದ ಹುಲ್ಲು ಮಾತ್ರ ಒಣಗಿದ ಬಣ್ಣ. ಎರಡನ್ನೂ ಬೆರೆಸಿದರೆ ಯಾವ ಊರೂ ಆಗುವುದಿಲ್ಲ.

ರೈಲಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎನ್ ಸ್ಕೇಲಿನಲ್ಲಿ ಹಳಿಗಳ ನಡುವಿನ ಅಂತರ 9 ಮಿ.ಮೀ., ಅದೇ ಸ್ಕೇಲಿಗೆ ಇಳಿಸಿದ ನಮ್ಮ ಬ್ರಾಡ್ ಗೇಜಿಗಿಂತ ಸ್ವಲ್ಪ ಕಿರಿದು. ಪಕ್ಕದಲ್ಲಿ ಹುಲ್ಲು ಅಂಟಿಸಿದ ಮೇಲೆ ಯಾರೂ ಅಳೆಯಲು ಬರುವುದಿಲ್ಲ. ವೇಗ ಮಾತ್ರ ನೋಡಿಕೊಳ್ಳಿ. ನಿಜವಾದ ರೈಲಿನ ಗಂಟೆಗೆ 30 ಕಿ.ಮೀ. ವೇಗವನ್ನು ಸ್ಕೇಲಿಗೆ ಇಳಿಸಿದರೆ ನಿಮ್ಮ ಆರಡಿ ದಾಟಲು 35 ಸೆಕೆಂಡು ಬೇಕು. ಸುಮ್ನೆ ಜೋರಾಗಿ ಓಡಿಸಿದರೆ ಆಟಿಕೆ ಆಗಿಬಿಡುತ್ತದೆ.

ಊರಿಗೆ ಹೋದಾಗ ಒಂದು ಡಬ್ಬಿ ಕೆಮ್ಮಣ್ಣು ತನ್ನಿ. ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಫೆವಿಕಾಲ್ ನೀರಿನಲ್ಲಿ ಅಂಟಿಸಿ. ಅಂಟಿಸುವ ಮುಂಚೆ ಮಣ್ಣಿನ ಮೇಲೆ ಒಂದು ಅಯಸ್ಕಾಂತ ಆಡಿಸಿ. ಮಣ್ಣಿನಲ್ಲಿರುವ ಕಬ್ಬಿಣದ ಪುಡಿ ಇಂಜಿನ್ನಿನ ಮೋಟಾರಿಗೆ ಅಂಟಿಕೊಂಡರೆ ಅದು ಹಾಳಾಗುತ್ತದೆ.