ಮ್ಯೂಸಿಯಮ್‌ಗೂ ಮೊದಲು ನದಿ

ಮಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ: "ಸ್ಪೇನ್‌ನ ಬಿಲ್ಬಾವೊ ಎಂಬ ಬಂದರು ಊರು ಒಂದೇ ಒಂದು ಮ್ಯೂಸಿಯಮ್‌ನಿಂದ ಬದಲಾಯಿತಂತೆ. ನಮ್ಮ ಹಳೆ ಬಂದರಿನಲ್ಲೂ ಅಂಥದ್ದೊಂದು ಕಟ್ಟಬಾರದೇ?"

ಊರು ಚೆನ್ನಾಗಬೇಕು ಎಂಬ ನಿಮ್ಮ ಆಸೆ ನನ್ನದೂ ಹೌದು. ಆದರೆ ಬಿಲ್ಬಾವೊದ ಕತೆಯನ್ನು ಜಾಸ್ತಿ ಜನ ನಡುವಿನಿಂದ ಶುರು ಮಾಡುತ್ತಾರೆ. ಗುಗ್ಗೆನ್‌ಹೈಮ್ ಮ್ಯೂಸಿಯಮ್ ಬಾಗಿಲು ತೆರೆದದ್ದು 1997ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅಲ್ಲಿನವರು ಕೊಳಚೆ ನೀರಿಗೆ ಕೈ ಹಾಕಿದ್ದರು. ಊರ ನಡುವೆ ಹರಿಯುವ ನೆರ್ವಿಯೋನ್ ನದಿ ಆಗ ಸತ್ತೇ ಹೋಗಿತ್ತು. ಕಾರ್ಖಾನೆಗಳ ಹೊಲಸು, ಮನೆಗಳ ಬಚ್ಚಲು, ಕಕ್ಕಸಿನ ನೀರು ಎಲ್ಲ ಅದಕ್ಕೇ ಸೇರುತ್ತಿತ್ತು. ಸುತ್ತಲಿನ ಊರುಗಳೆಲ್ಲ ಒಟ್ಟಾಗಿ, ನೆಲದಡಿ ಕೊಳವೆ ಹಾಕಿ, ಆ ನೀರನ್ನು ಶುದ್ಧ ಮಾಡುವ ಕೆಲಸ ದಶಕಗಟ್ಟಲೆ ನಡೆಯಿತು. ಫೋಟೋದಲ್ಲಿ ಕಾಣುವ ಕೆಲಸ ಅಲ್ಲ. ಆದರೆ ಮೀನು ವಾಪಸು ಬಂದದ್ದು ಅದರಿಂದ. ನಾರುವ ನದಿಯ ದಂಡೆಗೆ ಯಾರು ವಾಕಿಂಗ್ ಬರುತ್ತಾರೆ, ಹೇಳಿ?

ಬಂದರು ಸಮುದ್ರದ ಕಡೆಗೆ ಸರಿಯಿತು. 1995ಕ್ಕೆ ಮೆಟ್ರೋ, 2002ಕ್ಕೆ ಟ್ರಾಮ್ ಬಂತು. ಹಿಂದೆ ಗೂಡ್ಸ್ ರೈಲು, ಗೋದಾಮುಗಳಿದ್ದ ದಂಡೆಯಲ್ಲಿ ಈಗ ಟ್ರಾಮ್ ಹುಲ್ಲಿನ ಮೇಲೆ ಓಡುತ್ತದೆ, ಪಕ್ಕದಲ್ಲೇ ಜನ ನಡೆಯುತ್ತಾರೆ. 2020ರಿಂದ ಊರಿನ ಎಲ್ಲ ಬೀದಿಗಳಲ್ಲೂ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್.

ಒಂದು ನೋವಿನ ವಿಷಯವನ್ನೂ ಹೇಳಲೇಬೇಕು. ಅದೇ ದಂಡೆಯಲ್ಲಿ ಎವುಸ್ಕಲ್ದುನಾ ಎಂಬ ಹಡಗುಕಟ್ಟೆ ಇತ್ತು. ಅದನ್ನು ಉಳಿಸಿಕೊಳ್ಳಲು 1984ರಲ್ಲಿ ಕಾರ್ಮಿಕರು ಬೀದಿಗಿಳಿದು ಪೊಲೀಸರ ಎದುರು ನಿಂತರು. ಆದರೂ ಅದು ಮುಚ್ಚಿತು. ಅಲ್ಲಿನ 'ಕರೋಲಾ' ಎಂಬ ಕೆಂಪು ಕ್ರೇನನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಅದರಡಿ ದುಡಿದವರ ಕೆಲಸ ಮಾತ್ರ ಉಳಿಯಲಿಲ್ಲ.

ನಮ್ಮ ಬಂದರು ಹಾಗಲ್ಲ ಅಲ್ವಾ? ದೊಡ್ಡ ಹಡಗುಗಳು 1975ರಿಂದ ಪಣಂಬೂರಿನ ಹೊಸ ಬಂದರಿಗೆ ಹೋದವು, ನಿಜ. ಆದರೆ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು, ಅಂದರೆ ಮರದ ಹಡಗುಗಳು, ಇನ್ನೂ ಇಲ್ಲಿಂದಲೇ ಹೊರಡುತ್ತವೆ. ದಕ್ಕೆಯಲ್ಲಿ ಬೆಳಗಾಗುವ ಮೊದಲೇ ಮೀನಿನ ವ್ಯಾಪಾರ. ಬೆಂಗ್ರೆಯ ಜನ ಫೆರಿಯಲ್ಲೇ ಹೊಳೆ ದಾಟಿ ಊರಿಗೆ ಬರುತ್ತಾರೆ. ಇವರನ್ನು ಎಬ್ಬಿಸಿ ಕಟ್ಟುವ ಯಾವ ಕಟ್ಟಡವೂ ನನಗೆ ಬೇಡ.

ನನ್ನನ್ನು ಕೇಳಿದರೆ, ಮೊದಲು ನಮ್ಮ ಫಲ್ಗುಣಿ ನದಿಗೆ ಕೊಳಚೆ ಸೇರುವುದು ನಿಲ್ಲಲಿ. ಆಮೇಲೆ, ಫೆರಿ ಇಳಿದವರು ಲಾರಿಗಳ ನಡುವೆ ನುಸುಳದೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ತಲುಪುವ ಹಾಗೆ ಒಂದು ನೆಟ್ಟಗಿನ ಫುಟ್‌ಪಾತ್ ಆಗಲಿ. ನೀವು ಅಲ್ಲೇ ಇರುವವರು. ಒಮ್ಮೆ ಆ ದಾರಿಯಲ್ಲಿ ನಡೆದು, ಎಲ್ಲೆಲ್ಲಿ ಕಾಲಿಡಲು ಜಾಗ ಇಲ್ಲ ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ಸಂಪಾದಕ